ಕಥೆ ಮುಗಿಯದ ಖಳನಾಯಕ ಯಾರ ಸ್ವತ್ತು?

ಕಂತುಗಳಲ್ಲಿ ಬರುತ್ತಿದ್ದ ಚಿತ್ರಕಥೆಯೊಂದು (ಕಾಮಿಕ್ಸ್) ನಡುವೆ ನಿಂತುಹೋದಾಗ ಅದನ್ನು ಬರೆದವರು ಬೆಂಗಳೂರಿನ ನನ್ನ ವಕೀಲಿ ಕಚೇರಿಗೆ ಬಂದು ವಿಚಾರಿಸುವುದು ಹೆಚ್ಚಾಗಿ ಖಳನಾಯಕನ ವಿಷಯವನ್ನೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಯಕನ ಗುಣ, ಶಕ್ತಿ, ಹಿನ್ನೆಲೆಗಳೆಲ್ಲ ಮೊದಲ ಕೆಲವು ಸಂಚಿಕೆಗಳಲ್ಲಿಯೇ ಓದುಗರಿಗೆ ತಿಳಿದುಹೋಗಿರುತ್ತವೆ. ಖಳನು ನಿಜಕ್ಕೂ ಯಾರು, ಅವನಿಗೆ ಇಷ್ಟೊಂದು ಹಗೆ ಏಕೆ ಎಂಬುದನ್ನು ಮಾತ್ರ ಲೇಖಕ ವರ್ಷಗಟ್ಟಲೆ ಮುಚ್ಚಿಟ್ಟು, ಒಂದೊಂದೇ ಸುಳಿವು ಕೊಡುತ್ತ ಬಂದಿರುತ್ತಾನೆ. ಸರಣಿ ನಿಂತರೆ ಅಥವಾ ಲೇಖಕನೇ ಹೊರಬಿದ್ದರೆ ಅಚ್ಚಾಗದೆ ಉಳಿಯುವುದು ಆ ಗುಟ್ಟು. ಅದು ಯಾರ ಸ್ವತ್ತು ಎಂಬುದಕ್ಕೆ ಕಾನೂನು ಕೊಡುವ ಉತ್ತರ ಬರಹಗಾರರಿಗೆ ಅಷ್ಟೇನೂ ಹಿತವಾದುದಲ್ಲ.

ಅಮೆರಿಕದ ಮಾರ್ವೆಲ್ ಸಂಸ್ಥೆಯ ‘ಎಕ್ಸ್-ಮೆನ್’ ಸರಣಿಯ ಮಿಸ್ಟರ್ ಸಿನಿಸ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. 1975ರಿಂದ ಆ ಸರಣಿಯನ್ನು ಬರೆಯುತ್ತಿದ್ದ ಕ್ರಿಸ್ ಕ್ಲೇರ್‌ಮಾಂಟ್, ಚಿತ್ರಕಾರ ಮಾರ್ಕ್ ಸಿಲ್ವೆಸ್ಟ್ರಿಯವರ ಜೊತೆಗೂಡಿ, 1987ರಲ್ಲಿ 221ನೆಯ ಸಂಚಿಕೆಯಲ್ಲಿ ಇವನನ್ನು ಪೂರ್ಣರೂಪದಲ್ಲಿ ಓದುಗರ ಮುಂದೆ ನಿಲ್ಲಿಸಿದರು. ಬಿಳಿಚಿದ ಮುಖ, ಹಣೆಯ ನಡುವೆ ಕೆಂಪು ಹರಳು, ಬೆನ್ನಹಿಂದೆ ಪಟ್ಟಿಪಟ್ಟಿಯಾಗಿ ಸೀಳಿದ ಮೇಲುಹೊದಿಕೆ, ಸಾಲದ್ದಕ್ಕೆ ‘ನಾನು ಕೆಟ್ಟವನು’ ಎಂದು ಸಾರುವಂಥ ಹೆಸರು. ಈ ಅತಿರೇಕ ಬೇಕೆಂದೇ ಮಾಡಿದ್ದು. ಕ್ಲೇರ್‌ಮಾಂಟ್ ಮುಂದೆ ವಿವರಿಸಿದಂತೆ, ವಯಸ್ಸು ತೀರ ನಿಧಾನವಾಗಿ ಏರುವ, ದಶಕಗಳು ಕಳೆದರೂ ಬಾಲಕನ ದೇಹದಲ್ಲಿಯೇ ಸಿಕ್ಕಿಬಿದ್ದಿರುವ ಒಬ್ಬನು, ಹುಡುಗನ ಮಾತಿಗೆ ಯಾರೂ ಹೆದರುವುದಿಲ್ಲವೆಂದು, ತನ್ನ ಪರವಾಗಿ ಸೃಷ್ಟಿಸಿಕೊಂಡ ಭಯಾನಕ ಮುಖವಾಡವೇ ಈ ಸಿನಿಸ್ಟರ್. ಮಗುವೊಂದು ಕಲ್ಪಿಸಿಕೊಳ್ಳುವ ದುಷ್ಟ ಹೇಗಿರಬೇಕೋ ಹಾಗೆಯೇ ಅವನಿದ್ದ. ನೆಬ್ರಾಸ್ಕಾದ ಅನಾಥಾಲಯದಲ್ಲಿ, ಮುಂದೆ ಎಕ್ಸ್-ಮೆನ್ ತಂಡದ ನಾಯಕನಾಗುವ ಸ್ಕಾಟ್ ಸಮರ್ಸ್‌ನ ಜೊತೆಗಿದ್ದು ಅವನನ್ನು ಕಾಡುವ ನೇಟ್ ಎಂಬ ಹುಡುಗನ ಮೂಲಕ ಇದರ ಸುಳಿವೂ ಅಚ್ಚಾಗಿತ್ತು.

ಸುಳಿವು ಸುಳಿವಾಗಿಯೇ ಉಳಿಯಿತು. ಕಥೆಯ ದಿಕ್ಕಿನ ಬಗ್ಗೆ ಭಿನ್ನಾಭಿಪ್ರಾಯ ಬೆಳೆದು ಕ್ಲೇರ್‌ಮಾಂಟ್ 1991ರಲ್ಲಿ ಸರಣಿಯಿಂದ ಹೊರನಡೆದರು. 1996ರಲ್ಲಿ ಬೇರೊಬ್ಬ ಲೇಖಕರು ಬರೆದ ಕಿರುಸರಣಿಯಲ್ಲಿ ಅದೇ ಸಿನಿಸ್ಟರ್ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ವಿಜ್ಞಾನಿ ನಥಾನಿಯಲ್ ಎಸೆಕ್ಸ್ ಆದನು. ಈ ಎರಡನೆಯ ಹುಟ್ಟಿನ ಕಥೆ ಕೆಟ್ಟದ್ದೇನಲ್ಲ. ಆದರೂ ಮೊದಲನೆಯದರಲ್ಲಿದ್ದ ಕಿಡಿ ಅದರಲ್ಲಿಲ್ಲವೆಂಬುದು ನನ್ನ ವೈಯಕ್ತಿಕ ಅಭಿಪ್ರಾಯ, ಕಾನೂನಿನದಲ್ಲ. ಕಾನೂನಿನ ದೃಷ್ಟಿಯಲ್ಲಿ ಪಾತ್ರ ಸಂಸ್ಥೆಯದು, ಅದರ ಪೂರ್ವಕಥೆಯನ್ನು ಬದಲಿಸುವ ಅಧಿಕಾರವೂ ಸಂಸ್ಥೆಯದೇ. 2009ರಲ್ಲಿ ಕ್ಲೇರ್‌ಮಾಂಟ್ 1991ರಿಂದಲೇ ಮುಂದುವರಿಯುವ ಪ್ರತ್ಯೇಕ ಸರಣಿಯೊಂದನ್ನು ಬರೆದರಾದರೂ ಅದು ಮಾರ್ವೆಲ್ ಪ್ರಕಟಿಸಿದ್ದರಿಂದ ಸಾಧ್ಯವಾಯಿತು; ಮುಖ್ಯ ಸರಣಿಯಲ್ಲಿ ಎಸೆಕ್ಸ್ ಎಸೆಕ್ಸ್ ಆಗಿಯೇ ಉಳಿದನು.

ನಮ್ಮಲ್ಲಿಯೂ ಹೀಗೆಯೇ ಎಂದುಕೊಂಡು ಬರುವವರು ಬಹಳ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಗಿಲ್ಲ. ಅದರ ಸೆಕ್ಷನ್ 17ರ ಪ್ರಕಾರ, ಪತ್ರಿಕೆಯೊಂದರ ಸಂಬಳದ ನೌಕರನಾಗಿ, ಆ ಪತ್ರಿಕೆಗಾಗಿಯೇ ಬರೆದ ಕೃತಿಯಲ್ಲಿ ಪತ್ರಿಕೆಯ ಮಾಲೀಕರಿಗೆ ಸಿಗುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ. ಬೇರೆ ಕರಾರು ಇಲ್ಲದಿದ್ದರೆ ಪುಸ್ತಕ, ಸಿನಿಮಾ ಮೊದಲಾದ ಉಳಿದ ಹಕ್ಕುಗಳು ಲೇಖಕನವೇ. ಈ ರಿಯಾಯಿತಿ ಪತ್ರಿಕೆಗಳಿಗಷ್ಟೇ ಸೀಮಿತ. ಕೋರಮಂಗಲದ ಆನಿಮೇಷನ್ ಸ್ಟುಡಿಯೋದಲ್ಲಿ ಸಂಬಳಕ್ಕಿರುವವರು ಕೆಲಸದ ಭಾಗವಾಗಿ ಬರೆದದ್ದು ಪೂರ್ತಿಯಾಗಿ ಸ್ಟುಡಿಯೋದ್ದು. ಹೊರಗಿನಿಂದ ಬಿಡಿಯಾಗಿ ಬರೆದುಕೊಡುವವರು ತಮ್ಮ ಬರಹಕ್ಕೆ ತಾವೇ ಒಡೆಯರು. ಲಿಖಿತವಾಗಿ, ತಮ್ಮ ಸಹಿಯೊಂದಿಗೆ ವರ್ಗಾಯಿಸಿದರೆ ಮಾತ್ರ ಅದು ಕೈಬಿಟ್ಟುಹೋಗುತ್ತದೆ. ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರ, ಭಾವಚಿತ್ರಗಳಿಗೆ ಬೇರೆ ನಿಯಮವಿರುವುದರಿಂದ ಚಿತ್ರಕಾರರು ಇಲ್ಲಿ ಲೇಖಕರಿಗಿಂತ ಹೆಚ್ಚು ಎಚ್ಚರವಾಗಿರಬೇಕು.

ತೊಡಕು ಶುರುವಾಗುವುದು ವೋಚರ್‌ನಲ್ಲಿ. ಕಕ್ಷಿದಾರರು ತರುವ ಸಂಭಾವನೆಯ ವೋಚರ್‌ನಲ್ಲಿ ಸಂಚಿಕೆಯ ತಿಂಗಳು, ಪುಟಗಳ ಸಂಖ್ಯೆ, ಮೊತ್ತ, ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಲಾಗಿ ಸಹಿ, ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ‘ಸಕಲ ಹಕ್ಕುಗಳು ಪ್ರಕಾಶಕರಿಗೆ ಸೇರಿವೆ’ ಎಂಬ ಸಾಲು ಇರುತ್ತದೆ. ಮಾರ್ವೆಲ್ ಕೂಡ ಒಂದು ಕಾಲದಲ್ಲಿ ಚೆಕ್ಕಿನ ಹಿಂಬದಿಯಲ್ಲಿ ಇಂಥದೇ ಸಾಲುಗಳನ್ನು ಅಚ್ಚುಹಾಕಿಸುತ್ತಿತ್ತು. ನಮ್ಮ ಕಾಯ್ದೆಯ ಸೆಕ್ಷನ್ 19ರಂತೆ ವರ್ಗಾವಣೆ ಪತ್ರದಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ ಎಂಬುದನ್ನು ಹೇಳಬೇಕು. ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾನೂನು ಭಾವಿಸುತ್ತದೆ. ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಆ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ. ನಿಂತುಹೋದ ಎಷ್ಟೋ ಸರಣಿಗಳ ಲೇಖಕರು ಈ ಎರಡು ನಿಯಮಗಳನ್ನು ತಿಳಿಯದೆ, ಕೈಯಲ್ಲಿಯೇ ಇರುವ ಹಕ್ಕನ್ನು ಕಳೆದುಕೊಂಡೆವೆಂದು ಸುಮ್ಮನಿದ್ದುಬಿಡುತ್ತಾರೆ.

ಇಷ್ಟೆಲ್ಲ ಅಚ್ಚಾದ ಪುಟಗಳ ಮಾತಾಯಿತು. ಅಚ್ಚಾಗದ ಗುಟ್ಟಿನ ಕಥೆ ಬೇರೆ. ಆಲೋಚನೆಗೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಿಂದಿ ಕಾಮಿಕ್ಸ್‌ನ ನಾಗರಾಜ್ ಪಾತ್ರವನ್ನು ಹೋಲುವ ನಾಗೇಶ್ ಎಂಬ ಪಾತ್ರದ ವಿರುದ್ಧ ದೆಹಲಿ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಾಗಲೂ ಅದು ನೋಡಿದ್ದು ಹೆಸರು, ವೇಷ, ಶಕ್ತಿಗಳಂಥ ಕಣ್ಣಿಗೆ ಕಾಣುವ ಹೋಲಿಕೆಗಳನ್ನು. ಆದುದರಿಂದ ಸಂಪಾದಕರೊಡನೆ ಕಾಫಿ ಕುಡಿಯುತ್ತ ‘ಖಳ ಕೊನೆಗೆ ಒಬ್ಬ ಹುಡುಗ ಎಂದು ಗೊತ್ತಾಗುತ್ತದೆ, ಸರ್’ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಾಳೆ ಇನ್ನೊಬ್ಬರು ಬರೆದರೆ, ಕೃತಿಸ್ವಾಮ್ಯದ ಆಧಾರದ ಮೇಲೆ ತಡೆಯುವುದು ಬಹುಮಟ್ಟಿಗೆ ಆಗದ ಮಾತು. ಅದನ್ನೇ ಹತ್ತು ಪುಟಗಳಲ್ಲಿ ವಿವರವಾಗಿ ಬರೆದು, ಬಾಲಕನ ಚಿತ್ರವನ್ನೂ ಮುಖವಾಡದ ಚಿತ್ರವನ್ನೂ ಬಿಡಿಸಿ, ಯಾವ ಸಂಚಿಕೆಯಲ್ಲಿ ಯಾವ ಸುಳಿವು ಎಂದು ಗುರುತುಹಾಕಿ, ದಿನಾಂಕ ಉಳಿಯುವಂತೆ ಇಮೇಲಿನಲ್ಲಿ ಕಳುಹಿಸಿದ್ದರೆ ಅದೊಂದು ಅಪ್ರಕಟಿತ ಕೃತಿ. ನೋಂದಣಿ ಕಡ್ಡಾಯವಲ್ಲ, ವ್ಯಾಜ್ಯ ಬಂದರೆ ಸಾಕ್ಷ್ಯಕ್ಕೆ ನೆರವಾಗುತ್ತದೆ.

ಲೇಖಕರ ನೈತಿಕ ಹಕ್ಕುಗಳನ್ನು ಕಾಯುವ ಸೆಕ್ಷನ್ 57ನ್ನು ನೆಚ್ಚಿಕೊಂಡು ಬರುವವರೂ ಇದ್ದಾರೆ. ಹೆಸರು ನಮೂದಿಸಬೇಕೆಂದು ಕೇಳುವುದಕ್ಕೆ ಅದು ಗಟ್ಟಿಯಾದ ಆಧಾರ, ಹಕ್ಕು ಮಾರಿದ ಮೇಲೂ ಅದು ಉಳಿಯುತ್ತದೆ. ಆದರೆ ಕೃತಿಯನ್ನು ವಿರೂಪಗೊಳಿಸಿದರೆಂದು ದೂರಬೇಕಾದರೆ ಲೇಖಕರ ಗೌರವಕ್ಕೆ ಧಕ್ಕೆಯಾಯಿತೆಂದು ತೋರಿಸಬೇಕು. ಖಳನಿಗೆ ಬೇರೆ ಅಪ್ಪ-ಅಮ್ಮನನ್ನು ಕೊಟ್ಟ ಮಾತ್ರಕ್ಕೆ ನ್ಯಾಯಾಲಯ ಅದನ್ನು ಒಪ್ಪೀತೆಂದು ನನಗೆ ಅನಿಸುವುದಿಲ್ಲ.

ಆದ್ದರಿಂದ ಹೊಸ ಸರಣಿಯ ಕರಾರಿನಲ್ಲಿ ಎರಡು ಷರತ್ತುಗಳಿಗಾಗಿ ನಾನು ಪಟ್ಟುಹಿಡಿಯುತ್ತೇನೆ: ಅಪ್ರಕಟಿತ ರೂಪುರೇಷೆ ಲೇಖಕನದಾಗಿಯೇ ಉಳಿಯಬೇಕು, ಸರಣಿ ಗೊತ್ತುಪಡಿಸಿದ ತಿಂಗಳುಗಳ ಕಾಲ ನಿಂತರೆ ಪಾತ್ರದ ಹಕ್ಕು ಅವನಿಗೆ ಮರಳಬೇಕು. ಮೊದಲನೆಯದಕ್ಕೆ ಪ್ರಕಾಶಕರು ಹೆಚ್ಚು ಗೊಣಗದೆ ಒಪ್ಪುತ್ತಾರೆ. ಎರಡನೆಯದಕ್ಕೆ ಒಪ್ಪಿದರೂ ಟ್ರೇಡ್‌ಮಾರ್ಕ್ ಮಾಡಿಸಿರುವ ಹೆಸರನ್ನು ಬಿಟ್ಟುಕೊಡಲು ಹಿಂಜರಿಯುತ್ತಾರೆ. ಆಗ ಖಳನ ಉಳಿದ ಕಥೆಯನ್ನು ಬೇರೆ ಹೆಸರಿನಲ್ಲಿ ಮುಗಿಸಬೇಕಾಗುತ್ತದೆ. ಅದು ತಮಗೆ ಸಮ್ಮತವೇ ಎಂಬುದನ್ನು ಲೇಖಕರು ಸಹಿ ಹಾಕುವ ಮೊದಲೇ ನನಗೆ ಹೇಳಬೇಕು.