ಸಾರ್ವತ್ರಿಕ ಚುನಾವಣೆ ಅಂದರೆ ಎಂಪಿ ಎಲೆಕ್ಷನ್ ಅಷ್ಟೇನಾ?

2019ರಲ್ಲಿ ಕುಂದಗೋಳದವರು ಒಂದು ತಿಂಗಳೊಳಗೆ ಎರಡು ಸಲ ಮತ ಹಾಕಿದರು. ಏಪ್ರಿಲ್ 23ಕ್ಕೆ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ. ಮೇ 19ಕ್ಕೆ, ಶಾಸಕ ಸಿ.ಎಸ್. ಶಿವಳ್ಳಿ ಅವರ ನಿಧನದಿಂದ ತೆರವಾದ ವಿಧಾನಸಭಾ ಸ್ಥಾನಕ್ಕೆ. ಮೊದಲನೆಯದು ಸಾರ್ವತ್ರಿಕ ಚುನಾವಣೆ, ಎರಡನೆಯದು ಉಪಚುನಾವಣೆ.

ಗೊಂದಲ ಪದದಲ್ಲೇ ಇದೆ. ಶಾಲೆಯಲ್ಲಿ ‘ಸಾರ್ವತ್ರಿಕ ವಯಸ್ಕ ಮತದಾನ’ ಅಂತ ಓದುತ್ತೇವೆ. ಅಲ್ಲಿ ಸಾರ್ವತ್ರಿಕ ಅಂದರೆ ವಯಸ್ಸಿಗೆ ಬಂದ ಎಲ್ಲರಿಗೂ ಮತ. ಉಪಚುನಾವಣೆಯಲ್ಲೂ ಆ ಕ್ಷೇತ್ರದ ಎಲ್ಲ ಮತದಾರರಿಗೂ ಮತ ಇದೆ, ಅಲ್ವಾ? ಹಾಗಾಗಿ ಇಲ್ಲಿ ಸದನವನ್ನು ನೋಡಬೇಕು. ಅವಧಿ ಮುಗಿದೋ, ನಡುವೆ ವಿಸರ್ಜನೆಯಾಗಿಯೋ ಇಡೀ ಸದನಕ್ಕೆ ಹೊಸ ಆಯ್ಕೆ ನಡೆದರೆ ಅದು ಸಾರ್ವತ್ರಿಕ. ಖಾಲಿಯಾದ ಸ್ಥಾನವನ್ನಷ್ಟೇ ತುಂಬಿದರೆ ಉಪ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 14ನೇ ಕಲಂ ಲೋಕಸಭೆಯ ಸಾರ್ವತ್ರಿಕ ಚುನಾವಣೆಯ ಬಗ್ಗೆ ಹೇಳುತ್ತದೆ, 15ನೇ ಕಲಂ ವಿಧಾನಸಭೆಯದ್ದರ ಬಗ್ಗೆ. ಅಂದರೆ 2023ರ ಮೇ 10ರಂದು ನಾವು ಎಮ್ಮೆಲ್ಲೆಗಳನ್ನು ಆರಿಸಿದ್ದೂ ಸಾರ್ವತ್ರಿಕ ಚುನಾವಣೆಯೇ.

ಮತ್ತೆ ಆ ಹೆಸರು ಲೋಕಸಭೆಗೇ ಯಾಕೆ ಅಂಟಿಕೊಂಡಿತು? 1951–52ರ ಮೊದಲ ಚುನಾವಣೆ ಹೊತ್ತಿಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಗದಗ, ಹಾವೇರಿ ಇದೇ ಜಿಲ್ಲೆಯಲ್ಲಿದ್ದವು. ನಮ್ಮ ಹಿರಿಯರು ದೆಹಲಿಯ ಲೋಕಸಭೆಗೂ ಮುಂಬೈ ವಿಧಾನಸಭೆಗೂ ಒಟ್ಟಿಗೇ ಮತ ಹಾಕಿದರು. 1957ರ ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿದ್ದೆವು. ರಾಜ್ಯ ಬದಲಾದರೂ ಜೋಡಿ ಮತ ಉಳಿಯಿತು. 1962, 1967ರಲ್ಲೂ ಹಾಗೇ. ಆಗ ‘ಜನರಲ್ ಎಲೆಕ್ಷನ್’ ಅಂದರೆ ಎರಡೂ ಸೇರಿಯೇ.

ಆಮೇಲೆ ಲೋಕಸಭೆ ಅವಧಿಗೆ ಮೊದಲೇ ವಿಸರ್ಜನೆಯಾಯಿತು. 1971ರಲ್ಲಿ ಅದಕ್ಕೊಂದೇ ಚುನಾವಣೆ ನಡೆಯಿತು. ಇಲ್ಲಿನ ವಿಧಾನಸಭೆಗೆ 1972ರಲ್ಲಿ. ಜೋಡಿ ಬಿಟ್ಟ ಮೇಲೆ ಮಾತಿನಲ್ಲಿ ಆ ಹೆಸರು ಲೋಕಸಭೆ ಕಡೆ ವಾಲಿತು ಅಂತ ನನಗೆ ಅನಿಸುತ್ತದೆ. 1989, 1999, 2004ರಲ್ಲಿ ಕರ್ನಾಟಕದಲ್ಲಿ ಎರಡೂ ಮತ್ತೆ ಒಟ್ಟಿಗೆ ಬಂದವು. ಆದರೂ ರೂಢಿ ಬದಲಾಗಲಿಲ್ಲ. ಸುದ್ದಿ ಬರೆಯುವವರು ಸುಮ್ನೆ ‘ಸಾರ್ವತ್ರಿಕ ಚುನಾವಣೆ’ ಅನ್ನದೆ, ಯಾವ ಸದನದ್ದು ಅಂತಲೂ ಬರೆಯಬೇಕು.

ಒಂದು ಸಾರ್ವತ್ರಿಕ ಚುನಾವಣೆ ಇನ್ನೊಂದು ಕಡೆ ಉಪಚುನಾವಣೆ ತರುವುದೂ ಉಂಟು. 2024ರಲ್ಲಿ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ ಹಾವೇರಿಯಿಂದ ಲೋಕಸಭೆಗೆ ಗೆದ್ದರು. ಶಿಗ್ಗಾವಿ ಸ್ಥಾನ ಖಾಲಿಯಾಯಿತು. ಶಿಗ್ಗಾವಿ ಇರುವುದು ಹಾವೇರಿ ಜಿಲ್ಲೆಯಲ್ಲಿ, ಆದರೆ ಸೇರಿರುವುದು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ. ಬೊಮ್ಮಾಯಿ ನಿಂತ ಆ ಲೋಕಸಭಾ ಕಣದಲ್ಲಿ ಮತವೇ ಇಲ್ಲದ ಶಿಗ್ಗಾವಿಯವರು, ಅದರ ಫಲಿತಾಂಶದಿಂದಾಗಿ ನವೆಂಬರ್ 13ಕ್ಕೆ ಮತ್ತೆ ಮತಗಟ್ಟೆಗೆ ಬಂದರು.