ಗ್ಲುಟೆನ್, ಸೋಯಾ, ಹಾಲು ಮೂರೂ ಬೇಡ ಅಂದಾಗ

ಈ ಮೂರನ್ನೂ ಬಿಡಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ನನ್ನ ಹತ್ತಿರ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಲ ಇರುತ್ತದೆ. ಒಳಗೆ ಗ್ಲುಟೆನ್ (ಗೋಧಿ, ಬಾರ್ಲಿಯಂಥ ಧಾನ್ಯದಲ್ಲಿರುವ ಪ್ರೋಟೀನ್) ಇಲ್ಲದ ಬ್ರೆಡ್, ಹಾಲಿಲ್ಲದ ಚೀಸ್, ಮಾಂಸದ ಹಾಗೆ ಕಾಣುವ ಸಸ್ಯಾಹಾರಿ ತುಂಡುಗಳು. "ಇದೆಲ್ಲ ತಿನ್ನಬಹುದಲ್ವಾ ಮೇಡಂ?" ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದಿದರೆ ಎಷ್ಟೋ ಸಲ ನಿರಾಸೆ. ಬ್ರೆಡ್ ಮೆತ್ತಗಿರಲಿ ಅಂತ ಹಾಲಿನ ಪುಡಿ ಸೇರಿಸಿರುತ್ತಾರೆ. ಚೀಸಿನಲ್ಲಿ ಸೋಯಾ ಇರುತ್ತದೆ. ಆ ತುಂಡುಗಳಲ್ಲಂತೂ ಸೋಯಾ ಜೊತೆಗೆ ಗೋಧಿಯಿಂದ ತೆಗೆದ ಗ್ಲುಟೆನ್ನೇ ಇರುತ್ತದೆ.

ಒಂದನ್ನು ಮಾತ್ರ ಬಿಟ್ಟವರಿಗೆ ಇಂಥ ಸಾಮಾನು ನಡೆಯುತ್ತದೆ. ಮೂರನ್ನೂ ಬಿಟ್ಟವರು ಪ್ಯಾಕೆಟ್ ಬದಿಗಿಟ್ಟು ಮನೆಯಲ್ಲೇ ಅಡುಗೆ ಮಾಡಿಕೊಳ್ಳುವುದು ಸುಲಭ. ಅಕ್ಕಿ, ಆಲೂಗಡ್ಡೆ, ಜೋಳ, ಬೇಳೆಕಾಳು, ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಎಣ್ಣೆ. ಇವುಗಳಲ್ಲಿ ಈ ಮೂರೂ ಮೊದಲಿಂದಲೂ ಇಲ್ಲ. ಎಣ್ಣೆ ಸೋಯಾದ್ದಾಗಿರಬಾರದು, ಅಷ್ಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆಯ ಅನುಮಾನ ಇದ್ದರೆ ರಕ್ತಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ. ಗ್ಲುಟೆನ್ ತಿನ್ನುತ್ತಿದ್ದರೆ ಮಾತ್ರ ಆ ಪರೀಕ್ಷೆ ಸರಿಯಾದ ಉತ್ತರ ಕೊಡುತ್ತದೆ. ಸುಮ್ನೆ ಬಿಟ್ಟು ನೋಡೋಣ ಅಂತ ಶುರು ಮಾಡಿ, ಆಮೇಲೆ ಪರೀಕ್ಷೆಗೋಸ್ಕರ ಮತ್ತೆ ವಾರಗಟ್ಟಲೆ ಗೋಧಿ ತಿಂದು ಒದ್ದಾಡುವವರನ್ನು ನೋಡುತ್ತಲೇ ಇರುತ್ತೇನೆ.

ಇನ್ನು ಅಡುಗೆ. "ಗೋಧಿ ಹಿಟ್ಟಿನ ಬದಲು ಏನು ಹಾಕಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಆ ಅಡುಗೆಯಲ್ಲಿ ಅದು ಏನು ಕೆಲಸ ಮಾಡುತ್ತಿತ್ತು? ಸಾರು ಗಟ್ಟಿ ಮಾಡಲೋ, ಉಂಡೆ ಒಡೆಯದಂತೆ ಹಿಡಿದಿಡಲೋ, ಬ್ರೆಡ್ ಉಬ್ಬಿಸಲೋ? ಮೂರೂ ಬೇರೆ ಬೇರೆ ಕೆಲಸ, ಉತ್ತರವೂ ಬೇರೆ.

ಗಟ್ಟಿ ಮಾಡುವುದು ತೀರಾ ಸುಲಭ. ಎರಡು ಚಮಚ ಮೈದಾ ಹಾಕುವ ಕಡೆ ಒಂದು ಚಮಚ ಕಾರ್ನ್‌ಫ್ಲೋರ್ ಸಾಕು. ಆದರೆ ಅದನ್ನು ನೇರವಾಗಿ ಬಿಸಿ ಸಾರಿಗೆ ಸುರಿದರೆ ಗಂಟು ಗ್ಯಾರಂಟಿ. ಹೊರಗಿನ ಪಿಷ್ಟ ತಕ್ಷಣ ಬೆಂದು ಅಂಟಾಗುತ್ತದೆ, ಒಳಗಿನ ಪುಡಿಗೆ ನೀರೇ ತಲುಪುವುದಿಲ್ಲ. ಮೊದಲು ತಣ್ಣೀರಲ್ಲಿ ಕದಡಿ, ಕುದಿಯುವ ಸಾರಿಗೆ ಸಣ್ಣಗೆ ಸುರಿಯುತ್ತಾ ತಿರುವಿ. ಬಿಳಿಚಿಕೊಂಡಿದ್ದ ಸಾರು ಒಂದೆರಡು ನಿಮಿಷದಲ್ಲಿ ಹೊಳಪು ಬಂದು ಸೌಟಿನ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಅಲ್ಲಿಗೆ ಒಲೆ ಆರಿಸಿ. ಜಾಸ್ತಿ ಹೊತ್ತು ಕುದಿಸಿದರೆ ಮತ್ತೆ ತೆಳ್ಳಗಾಗುತ್ತದೆ. ಹುಳಿ ಜಾಸ್ತಿ ಇದ್ದರೂ ಹಾಗೇ ಆಗುತ್ತದೆ, ಹಾಗಾಗಿ ನಿಂಬೆರಸ ಹಿಂಡುವುದು ಕೊನೆಗೆ.

ಹಿಡಿದಿಡುವ ಕೆಲಸಕ್ಕೆ ಮೊಟ್ಟೆ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಇಲ್ಲವೇ ನೀರಲ್ಲಿ ನೆನೆಸಿದ ಅಗಸೆಬೀಜದ ಪುಡಿ. ಅಕ್ಕಿಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿದರೆ ಪಿಷ್ಟ ಅರ್ಧ ಬೆಂದು ಅಂಟು ಬರುತ್ತದೆ, ತಟ್ಟಲು ಲಟ್ಟಿಸಲು ಬಗ್ಗುತ್ತದೆ. ತಣ್ಣೀರಲ್ಲಿ ಕಲಸಿದ ಅದೇ ಹಿಟ್ಟು ಅಂಚಿನಲ್ಲೆಲ್ಲ ಬಿರಿಯುತ್ತದೆ. ಉಬ್ಬಿದ ಬ್ರೆಡ್ ಮಾತ್ರ ಕಷ್ಟ. ಇಸಬ್ಗೋಲ್ ಹೊಟ್ಟು ಹಾಕಿದರೆ ತಕ್ಕಮಟ್ಟಿಗೆ ಬರುತ್ತದೆ. ಆದರೆ ಗೋಧಿ ಬ್ರೆಡ್ಡಿನ ಹಾಗೆ ಇರಬೇಕು ಅಂತ ಹಟ ಹಿಡಿದವರು ಮೊದಲ ತಿಂಗಳಲ್ಲೇ ಸೋತು ಪಥ್ಯ ಬಿಡುತ್ತಾರೆ. ಹೊಸದಾಗಿ ಶುರು ಮಾಡಿದವರಿಗೆ ಬ್ರೆಡ್ ತಂಟೆಗೇ ಹೋಗಬೇಡಿ ಅನ್ನುತ್ತೇನೆ.

ಸೋಯಾ ಸಾಸ್ ವಿಷಯಕ್ಕೆ ಬಂದರೆ, ಅದರಲ್ಲಿ ಸೋಯಾ ಜೊತೆಗೆ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ. ಗೋಧಿ ಇಲ್ಲದ ತಮಾರಿ ಅನ್ನುವ ಜಪಾನಿ ಸಾಸ್ ಸಿಗುತ್ತದೆ, ಆದರೆ ಅದೂ ಸೋಯಾದ್ದೇ. ಸೋಯಾ ಸಾಸ್ ಕೊಡುತ್ತಿದ್ದದ್ದು ಉಪ್ಪು ಮತ್ತು ಗ್ಲುಟಮೇಟಿನ ರುಚಿ, ಅಂದರೆ ಉಮಾಮಿ. ಇದು ಅಣಬೆಯಲ್ಲೂ ಇದೆ, ಮಾಗಿದ ಟೊಮೆಟೊದಲ್ಲೂ ಇದೆ. ಅಣಬೆಯನ್ನು ಸಣ್ಣಗೆ ಹೆಚ್ಚಿ, ಬಾಣಲೆಯಲ್ಲಿ ನೀರು ಪೂರ್ತಿ ಆರಿ ಕಂದು ಬಣ್ಣ ಬರುವ ತನಕ ಹುರಿಯಿರಿ. ಟೊಮೆಟೊ ಎಣ್ಣೆ ಬಿಡುವ ತನಕ ಬಾಡಿಸಿ. ಆತುರಪಟ್ಟರೆ ಆ ರುಚಿ ಬರುವುದಿಲ್ಲ.

ಹಾಲು ಬಿಟ್ಟವರಿಗೆ ಕೊರತೆ ಅನಿಸುವುದು ನುಣುಪು ಮತ್ತು ಹುಳಿ. ನುಣುಪಿಗೆ ಬಿಸಿನೀರಲ್ಲಿ ನೆನೆಸಿ ರುಬ್ಬಿದ ಗೋಡಂಬಿ, ಅಥವಾ ತೆಂಗಿನ ಹಾಲು. ಗೋಡಂಬಿಯೂ ಆಗದವರಿಗೆ ಸೂರ್ಯಕಾಂತಿ ಬೀಜ. ತೆಂಗಿನ ಹಾಲನ್ನು ಕೊತಕೊತ ಕುದಿಸಿದರೆ ಒಡೆಯುತ್ತದೆ, ಉರಿ ಸಣ್ಣಗಿರಲಿ. ಹುಳಿಗೆ ನಿಂಬೆ.

ಇಲ್ಲಿ ಎರಡು ಗೊಂದಲ ತುಂಬಾ ಕೇಳುತ್ತೇನೆ. ಲ್ಯಾಕ್ಟೋಸ್ ಇಲ್ಲದ ಹಾಲು ಅಂದರೆ ಸಕ್ಕರೆ ಅಂಶ ಒಡೆದ ಹಾಲು ಅಷ್ಟೆ, ಪ್ರೋಟೀನ್ ಹಾಗೇ ಇರುತ್ತದೆ. ಹಾಲಿನ ಅಲರ್ಜಿ ಇರುವವರಿಗೆ ಅದು ಆಗದು. ತುಪ್ಪದಲ್ಲಿ ಪ್ರೋಟೀನ್ ಬಹಳ ಕಮ್ಮಿ, ಆದರೆ ಚೂರು ಉಳಿದಿರಬಹುದು. ಲ್ಯಾಕ್ಟೋಸ್ ತೊಂದರೆ ಮಾತ್ರ ಇರುವವರು ಸಾಮಾನ್ಯವಾಗಿ ತಿನ್ನಬಹುದು. ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಪ್ಯಾಕೆಟ್ ಪೂರ್ತಿ ತಪ್ಪಿಸಲು ಆಗುವುದಿಲ್ಲ, ಅದೂ ಗೊತ್ತು. ಓದುವಾಗ ಕೇಸಿನ್, ಕೇಸಿನೇಟ್, ವೇ ಅಂತ ಕಂಡರೆ ಅದು ಹಾಲು. ಲೆಸಿಥಿನ್ ಸಾಮಾನ್ಯವಾಗಿ ಸೋಯಾದ್ದು, ಸೂರ್ಯಕಾಂತಿಯದ್ದೂ ಇರುತ್ತದೆ, ನೋಡಿಕೊಳ್ಳಿ. ಮಾಲ್ಟ್ ಅಂದರೆ ಬಹುಪಾಲು ಬಾರ್ಲಿ, ಅದರಲ್ಲಿ ಗ್ಲುಟೆನ್ ಇದೆ. ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸುವುದುಂಟು ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಓಟ್ಸ್ ಬೇರೆ ಧಾನ್ಯವಾದರೂ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಬೆರೆತಿರುತ್ತದೆ. 'ಗ್ಲುಟೆನ್ ಮುಕ್ತ' ಅಂತ ಬರೆಯಲು ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ಮಿತಿ ದಾಟಬಾರದು. ಎಷ್ಟು ಕಡಿಮೆ ನೋಡಿ. ಮನೆಯಲ್ಲಿ ಗೋಧಿ ಹಿಟ್ಟು ಜರಡಿ ಹಿಡಿದ ಕಟ್ಟೆಯ ಮೇಲೇ ತರಕಾರಿ ಹೆಚ್ಚಿದರೆ ಈ ಲೆಕ್ಕ ತಪ್ಪಿಹೋಗಬಹುದು.

ಸೀಲಿಯಾಕ್ ಇರುವವರ ಮನೆಯಲ್ಲಿ ಅದಕ್ಕೇ ಜರಡಿ, ಮರದ ಮಣೆ, ಲಟ್ಟಣಿಗೆ, ಟೋಸ್ಟರ್ ಬೇರೆ ಇಡಿ ಅನ್ನುತ್ತೇನೆ. ಮರದ ಸಂದಿನಲ್ಲಿ, ಜರಡಿಯ ಕಣ್ಣಲ್ಲಿ ಕೂತ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಪಾತ್ರೆ ಸೋಪು ಹಾಕಿ ತೊಳೆದರೆ ಸಾಕು. ಗೋಧಿಯದ್ದು ಕರಿದ ಎಣ್ಣೆಯಲ್ಲಿ ಇವರಿಗೆ ಕರಿಯಬೇಡಿ. ಬಿಸಿಗೆ ಗ್ಲುಟೆನ್ ಸಾಯುತ್ತದೆ ಅನ್ನುವವರಿದ್ದಾರೆ. ಅದೇನು ಕ್ರಿಮಿಯಲ್ಲ, ಪ್ರೋಟೀನ್. ಕರಿದರೂ ಬೇಯಿಸಿದರೂ ತೊಂದರೆ ಕೊಡುತ್ತದೆ. ಒಂದೇ ಒಲೆಯಲ್ಲಿ ಎಲ್ಲರ ಅಡುಗೆ ಆಗಬೇಕಾದರೆ ಇವರದ್ದು ಮೊದಲು ಮಾಡಿ ಮುಚ್ಚಿಡಿ.

ಪೌಷ್ಟಿಕಾಂಶದಲ್ಲಿ ನನಗೆ ಚಿಂತೆ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು, ಹಾಲು ಬಿಟ್ಟರೆ ಅದರ ದೊಡ್ಡ ಪಾಲೇ ಹೋಗುತ್ತದೆ. ಸಿಪ್ಪೆ ಸಮೇತ ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯದು. ಪಾಲಕ್ ನಂಬಿಕೊಳ್ಳಬೇಡಿ, ಅದರಲ್ಲಿ ಕ್ಯಾಲ್ಸಿಯಂ ಇದ್ದರೂ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಹಿಡಿದುಕೊಳ್ಳುವುದರಿಂದ ಮೈಗೆ ಸೇರುವುದು ಅಲ್ಪ. ಸಸ್ಯಾಹಾರಿಗಳು ಬಿ12 ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ಬಾದಾಮಿ ಹಾಲೋ ಅಕ್ಕಿ ಹಾಲೋ ಕೊಳ್ಳುವುದಾದರೆ ಕ್ಯಾಲ್ಸಿಯಂ ಸೇರಿಸಿದ್ದನ್ನೇ ಕೊಳ್ಳಿ, ಕುಡಿಯುವ ಮುಂಚೆ ಡಬ್ಬ ಚೆನ್ನಾಗಿ ಕುಲುಕಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.