ಕಷ್ಟದ ಸ್ವಿಚ್ ಯಾರ ಕೈಯಲ್ಲಿತ್ತು?

ಆಷಾಢದ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಕವಡೆ ಸಿಗದಿದ್ದರೆ ಹುಣಸೆಬೀಜವನ್ನು ಒಂದು ಬದಿ ತೇಯ್ದುಕೊಂಡು ಆಟಕ್ಕೆ ಕೂರುವುದು ಇಂದಿಗೂ ಉಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹೊಡೆತ ತಿಂದ ಕಾಯಿ ಎಷ್ಟೇ ಮುಂದೆ ಸಾಗಿದ್ದರೂ ಮತ್ತೆ ಮೊದಲ ಮನೆಯಿಂದಲೇ ಹೊರಡಬೇಕು. ಇಂಥ ನಿಷ್ಠುರ ಆಟಕ್ಕೆ ಐದು ವರ್ಷದ ಮಗುವೊಂದು ತಾನೂ ಬರುತ್ತೇನೆಂದು ಹಟ ಹಿಡಿದರೆ ಅದಕ್ಕೂ ನಾಲ್ಕು ಕಾಯಿ ಕೊಡುತ್ತಾರೆ, ಆದರೆ ಅದರ ಕಾಯನ್ನು ಯಾರೂ ಹೊಡೆಯುವುದಿಲ್ಲ, ಅದು ಗೆದ್ದರೂ ಯಾರೂ ಎಣಿಸುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ವಿಡಿಯೋ ಗೇಮ್ ಕಷ್ಟವಾಗಿರಬೇಕೇ, ಸುಲಭವಾಗಿರಬೇಕೇ ಎಂದು ಜಗತ್ತಿನಾದ್ಯಂತ ನಡೆಯುತ್ತಿರುವ ಜಗಳದ ತಿರುಳು ಈ ಎರಡು ಪದಗಳಲ್ಲಿದೆ. ಸುಲಭ ಮಾಡಿಕೊಂಡು ಆಡಿದವನ ಗೆಲುವನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಒಂದು ಗುಂಪು ಕೇಳಿದರೆ, ಲೆಕ್ಕ ಇಡಲು ನೀವು ಯಾರು ಎಂದು ಇನ್ನೊಂದು ಗುಂಪು ಕೇಳುತ್ತದೆ. ಎರಡೂ ಕಡೆಯವರು ಇದನ್ನು ರುಚಿಯ ಪ್ರಶ್ನೆ ಎಂಬಂತೆ ಮಾತಾಡುತ್ತಾರೆ. ಹಿಂದಿನ ಐವತ್ತು ವರ್ಷಗಳನ್ನು ನೋಡಿದರೆ ಮಾತ್ರ, ಕಷ್ಟವನ್ನು ಏರಿಸಿ ಇಳಿಸುವ ಸ್ವಿಚ್ ಯಾರ ಕೈಯಲ್ಲಿತ್ತು ಎಂಬುದೇ ಹೆಚ್ಚಿನ ಸಲ ಎಲ್ಲವನ್ನೂ ನಿರ್ಧರಿಸಿದೆ ಎಂದು ನನಗೆ ಅನ್ನಿಸುತ್ತದೆ.

ಸ್ವಿಚ್ ಎಂಬುದು ಬರಿಯ ಹೋಲಿಕೆಯಲ್ಲ. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಎಂಬ ಆಟ ಬಂದ ಮೇಲೆ ಅಮೆರಿಕ ಮತ್ತು ಜಪಾನಿನಲ್ಲಿ ಹಬ್ಬಿದ, ನಾಣ್ಯ ಹಾಕಿ ಆಡುವ ಯಂತ್ರಗಳ ಪೈಕಿ ಅನೇಕವುಗಳ ಒಳಗೆ, ಆಡುವವರಿಗೆ ಕಾಣದ ಜಾಗದಲ್ಲಿ, ಉಗುರಿನಿಂದ ಸರಿಸಬಹುದಾದ ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತಿತ್ತು. ಒಂದು ನಾಣ್ಯಕ್ಕೆ ಎಷ್ಟು ಲೈಫ್ ಕೊಡಬೇಕು, ಆಟ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಅಂಗಡಿಯವನು ಬೀಗ ತೆಗೆದು ತಾನೇ ನಿಗದಿ ಮಾಡುತ್ತಿದ್ದ. ಒಬ್ಬನೇ ಹುಡುಗ ಒಂದೇ ನಾಣ್ಯದಲ್ಲಿ ಅರ್ಧ ತಾಸು ನಿಂತುಬಿಟ್ಟರೆ ಅಂಗಡಿಗೆ ನಷ್ಟ. ಮೊದಲ ನಿಮಿಷದಲ್ಲೇ ಸತ್ತರೆ ಅವನು ಮತ್ತೆ ಬರುವುದಿಲ್ಲ, ಅದೂ ನಷ್ಟವೇ. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಆ ಕಾಲದ ಆಟಗಳು ರೂಪುಗೊಂಡವು. ಕಲಿಯಲು ಸುಲಭ, ಪಳಗಲು ಕಷ್ಟ ಎಂಬ ಸೂತ್ರವನ್ನು ಅಟಾರಿಯ ಸ್ಥಾಪಕ ನೋಲನ್ ಬುಶ್‌ನೆಲ್ ಹೆಸರಿನಲ್ಲೇ ಇಂದಿಗೂ ಕರೆಯುತ್ತಾರೆ.

ಇದೇ ಕಾಲದ ಒಂದು ಕಷ್ಟ ಮಾತ್ರ ಯಾರ ಯೋಜನೆಯೂ ಇಲ್ಲದೆ ಹುಟ್ಟಿತು. 1978ರಲ್ಲಿ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್‌ನಲ್ಲಿ 55 ಅನ್ಯಗ್ರಹ ಜೀವಿಗಳು ಸಾಲುಗಟ್ಟಿ ಕೆಳಗಿಳಿಯುತ್ತವೆ. ಅಷ್ಟನ್ನೂ ಪರದೆಯ ಮೇಲೆ ಸರಿಸಿ ಮುಗಿಸಲು ಅಂದಿನ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಆಡುವವನು ಒಂದೊಂದನ್ನೇ ಹೊಡೆದಂತೆಲ್ಲ ಅದರ ಹೊರೆ ಇಳಿದು, ಉಳಿದವು ಬಿರುಸಾಗಿ ಓಡತೊಡಗಿದವು. ನಿಶಿಕಾಡೊ ಈ ಊನವನ್ನು ತಿದ್ದದೆ ಹಾಗೇ ಉಳಿಸಿಕೊಂಡರು. ಗೆಲ್ಲುತ್ತ ಹೋದಂತೆ ಕಷ್ಟ ಹೆಚ್ಚಬೇಕು ಎಂದು ನಾವು ಇಂದು ಸಹಜವೆಂದುಕೊಂಡಿರುವ ನಿಯಮಕ್ಕೆ ಈ ಬಡ ಯಂತ್ರದ ಆಯಾಸವೂ ಒಂದು ಮೂಲ.

ಆಟ ಮನೆಯ ಟಿವಿಗೆ ಬಂದಾಗ ನಾಣ್ಯದ ಪೆಟ್ಟಿಗೆ ಮಾಯವಾಯಿತು, ಅದರ ಕಾಲದ ಕಷ್ಟ ಮಾತ್ರ ಹೋಗಲಿಲ್ಲ. ಕೊನಾಮಿ ಕಂಪನಿಯ ಗ್ರೇಡಿಯಸ್ ಎಂಬ ಆಟವನ್ನು 1986ರಲ್ಲಿ ನಿಂಟೆಂಡೊ ಯಂತ್ರಕ್ಕೆ ಹೊಂದಿಸುತ್ತಿದ್ದ ಕಜುಹಿಸಾ ಹಾಶಿಮೊಟೊ, ಪರೀಕ್ಷೆಗೆಂದು ಆಡಲು ಹೋಗಿ ತನ್ನಿಂದಲೇ ಆಗದೆ, ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಎಲ್ಲ ಆಯುಧಗಳೂ ಕೈಸೇರುವ ಗುಟ್ಟೊಂದನ್ನು ಒಳಗೆ ಸೇರಿಸಿಕೊಂಡರು. ಅದನ್ನು ತೆಗೆಯದೆಯೇ ಆಟ ಮಾರುಕಟ್ಟೆಗೆ ಹೋಯಿತು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಮುಂದೆ 1988ರಲ್ಲಿ ಅಮೆರಿಕದ ಮನೆಗಳಿಗೆ ಬಂದ ಕಾಂಟ್ರಾ ಎಂಬ ಗುಂಡಿನ ಆಟದಲ್ಲಿ ಇದೇ ಕ್ರಮ ಮೂರು ಲೈಫನ್ನು ಮೂವತ್ತು ಮಾಡುತ್ತಿತ್ತು. ಮಾಡಿದವನಿಗೇ ಕಷ್ಟವಾದದ್ದನ್ನು ಕೊಂಡವನು ಸುಮ್ಮನೆ ಅನುಭವಿಸಬೇಕೆಂಬ ವಾದ ನನಗೆ ಅಂದಿನಿಂದಲೂ ಒಪ್ಪಿಗೆಯಾಗಿಲ್ಲ.

ಶಿವಮೊಗ್ಗಕ್ಕೆ ಈ ಚರಿತ್ರೆ ಬಂದದ್ದು ತಲೆಕೆಳಗಾಗಿ. ತೊಂಬತ್ತರ ದಶಕದಲ್ಲಿ ದುರ್ಗಿಗುಡಿಯ ಒಳರಸ್ತೆಯೊಂದರಲ್ಲಿ ನಾವು ಆಡುತ್ತಿದ್ದ ಅಂಗಡಿಯಲ್ಲಿ ನಾಣ್ಯದ ಯಂತ್ರವಿರಲಿಲ್ಲ. ನಿಂಟೆಂಡೊವಿನ ನಕಲು ಯಂತ್ರ, ಒಂದು ಹಳೆಯ ಟಿವಿ, ಎರಡು ಮರದ ಸ್ಟೂಲು, ಗೋಡೆಯ ಮೇಲೊಂದು ಗಡಿಯಾರ ಇದ್ದವು. ಬಾಡಿಗೆ ತಾಸಿನ ಲೆಕ್ಕದಲ್ಲಿತ್ತು. ನಾವು ಸತ್ತರೂ ಬದುಕಿದರೂ ಅಂಗಡಿಯವರ ಆದಾಯ ಒಂದೇ. ಹೀಗಾಗಿ, ಬೇರೆ ದೇಶದಲ್ಲಿ ನಾಣ್ಯ ಕಕ್ಕಿಸಲೆಂದು ಹುಟ್ಟಿದ ಕಷ್ಟ ನಮ್ಮಲ್ಲಿ ಯಾರಿಗೂ ಲಾಭವಿಲ್ಲದ ಕಷ್ಟವಾಗಿತ್ತು: ಒಂದು ಗುಂಡು ತಗುಲಿದರೆ ಲೈಫ್ ಹೋಗುವ ಕಾಂಟ್ರಾದಲ್ಲಿ ಎಂಟು ಸ್ಟೇಜುಗಳಿದ್ದರೂ, ನಮ್ಮಲ್ಲಿ ಹೆಚ್ಚಿನವರು ಜಲಪಾತದ ಮೂರನೆಯ ಸ್ಟೇಜಿನಿಂದಾಚೆ ಏನಿದೆ ಎಂದು ನೋಡಿರಲಿಲ್ಲ. ಲಕ್ಷಗಟ್ಟಲೆ ಆಟಗಳಿವೆಯೆಂದು ಅಚ್ಚಾಗಿದ್ದ, ನಿಜಕ್ಕೂ ಬೆರಳೆಣಿಕೆಯಷ್ಟೇ ಆಟಗಳಿದ್ದ ಹಳದಿ ಕ್ಯಾಸೆಟ್ಟಿನ ಪಟ್ಟಿಯಲ್ಲಿ ಅದೇ ಕಾಂಟ್ರಾ ಒಂದು ಸಾಲಿನಲ್ಲಿ ಮೂರು ಲೈಫಿನದಾಗಿಯೂ ಇನ್ನೊಂದು ಸಾಲಿನಲ್ಲಿ ಮೂವತ್ತರದಾಗಿಯೂ ಇರುತ್ತಿತ್ತು. ಜಪಾನಿನವರ ಗುಟ್ಟನ್ನು ಯಾರೋ ನಕಲಿನವರು ಬಯಲಿಗಿಟ್ಟು, ಆಯ್ಕೆಯನ್ನು ನೇರವಾಗಿ ನಮ್ಮ ಕೈಗೆ ಕೊಟ್ಟಿದ್ದರು. ಮೂವತ್ತರ ಸಾಲನ್ನು ಒತ್ತಿದವನನ್ನು ಹಿಂದೆ ನಿಂತವರು ಹಂಗಿಸುತ್ತಿದ್ದರು. ತಮ್ಮ ಸರದಿ ಬಂದಾಗ ತಾವೂ ಅದನ್ನೇ ಒತ್ತುತ್ತಿದ್ದರು.

ಇವೆಲ್ಲಕ್ಕೂ ಮೇಲಿನ ಸ್ವಿಚ್ ಒಂದಿತ್ತು. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆಯಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋಗುವುದು ತೀರ ಮಾಮೂಲು. ಆ ಆಟಗಳಲ್ಲಿ ಉಳಿಸಿಡುವ ಸೌಕರ್ಯವಿರಲಿಲ್ಲವಾದ್ದರಿಂದ ಮಾರಿಯೋ ಏಳನೆಯ ಲೋಕದಲ್ಲಿದ್ದರೂ ಮತ್ತೆ ಮೊದಲಿನಿಂದಲೇ ಹೊರಡಬೇಕಿತ್ತು.

ಅಮೆರಿಕದಲ್ಲಿ ಆ ಹೊತ್ತಿಗೆ ಕಷ್ಟಕ್ಕೆ ಹೊಸದೊಂದು ಕಾರಣ ಹುಟ್ಟಿಕೊಂಡಿತ್ತು. ಅಲ್ಲಿ ಕ್ಯಾಸೆಟ್ಟನ್ನು ವಾರಾಂತ್ಯಕ್ಕೆ ಬಾಡಿಗೆಗೆ ಕೊಡುವ ಅಂಗಡಿಗಳು ಬೆಳೆದಿದ್ದವು; ಎರಡು ದಿನದಲ್ಲಿ ಮುಗಿಯುವ ಆಟವನ್ನು ಕೊಳ್ಳುವವರಾರು ಎಂಬ ಭಯ ಕಂಪನಿಗಳಿಗಿತ್ತು. ಬಾಡಿಗೆ ವ್ಯಾಪಾರವಿಲ್ಲದ ಜಪಾನಿನಲ್ಲಿ ಇಂಥ ಭಯಕ್ಕೆ ಆಸ್ಪದವಿರಲಿಲ್ಲ. 1994ರ ಕಾಂಟ್ರಾ ಹಾರ್ಡ್ ಕೋರ್‌ನ ಜಪಾನಿ ಆವೃತ್ತಿಯಲ್ಲಿ ಮೂರು ಹೊಡೆತ ತಾಳುವ ನಾಯಕ ಅಮೆರಿಕದ ಆವೃತ್ತಿಯಲ್ಲಿ ಒಂದೇ ಹೊಡೆತಕ್ಕೆ ಸಾಯುತ್ತಾನೆ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ: 1986ರಲ್ಲಿ ಜಪಾನಿನಲ್ಲಿ ಬಂದ ಸೂಪರ್ ಮಾರಿಯೋದ ಎರಡನೆಯ ಭಾಗ ವಿಪರೀತ ಕಷ್ಟವೆಂದು ಆಗ ಅಮೆರಿಕಕ್ಕೆ ಹೋಗಲಿಲ್ಲ, ಬೇರೆಯೇ ಆಟವೊಂದಕ್ಕೆ ಮಾರಿಯೋನ ವೇಷ ಹಾಕಿ 1988ರಲ್ಲಿ ಅದೇ ಹೆಸರಿನಲ್ಲಿ ಮಾರಿದರು.

ಆಡುವವನ ಕೈಗೆ ಸ್ವಿಚ್ ಅಧಿಕೃತವಾಗಿ ಬಂದದ್ದು ಹೆಚ್ಚಾಗಿ ಕಂಪ್ಯೂಟರ್ ಆಟಗಳಲ್ಲಿ, ಅದೂ ಸ್ವಲ್ಪ ಅಣಕದೊಂದಿಗೆ. 1992ರ ವುಲ್ಫೆನ್‌ಸ್ಟೈನ್‌ನಲ್ಲಿ ಅತಿ ಸುಲಭದ ಹಂತವನ್ನು ಆರಿಸಿದರೆ ನಾಯಕನ ಮುಖಕ್ಕೆ ಕೂಸಿನ ಕುಲಾವಿ ತೊಡಿಸಿ, "ಅಪ್ಪಾ, ನಾನೂ ಆಡಲಾ?" ಎಂಬರ್ಥದ ಸಾಲನ್ನು ಬರೆದಿದ್ದರು. ಮರುವರ್ಷ ಬಂದ ಡೂಮ್‌ನಲ್ಲಿ ಅತಿ ಸುಲಭದ ಹಂತಕ್ಕೆ, ಸಾಯಲು ನಾನಿನ್ನೂ ಚಿಕ್ಕವನು ಎಂಬ ಹೆಸರಿತ್ತು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬುದನ್ನೇ ಅವರು ಅವರ ರೀತಿಯಲ್ಲಿ ಹೇಳಿದ್ದು. ಜಗಲಿಯ ಮೇಲೆ ಆ ಮಾತಿಗಿರುವ ಅಕ್ಕರೆ ಮಾತ್ರ ಅಲ್ಲಿರಲಿಲ್ಲ.

ಮುಂದಿನ ಹದಿನೈದು ವರ್ಷಗಳಲ್ಲಿ ದೊಡ್ಡ ಕಂಪನಿಗಳ ಆಟಗಳು ಒಂದೇ ಸಮನೆ ಮೆತ್ತಗಾದವು. ಕೋಟ್ಯಂತರ ರೂಪಾಯಿ ಸುರಿದು ಚಿತ್ರಿಸಿದ ಕೊನೆಯ ದೃಶ್ಯವನ್ನು ಯಾರೂ ನೋಡದೆ ಹೋದರೆ ಹಣ ದಂಡ ಎಂಬ ಯೋಚನೆ ಇದರ ಹಿಂದಿತ್ತು. 2008ರ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ನಾಯಕ ಕೆಳಗೆ ಬೀಳುವಾಗಲೆಲ್ಲ ಜೊತೆಗಾತಿ ಕೈಹಿಡಿದು ಮೇಲೆತ್ತುತ್ತಾಳೆ, ಸಾವೆಂಬುದೇ ಇಲ್ಲ. 1989ರ ಮೂಲ ಆಟ ಒಂದು ತಾಸಿನ ಗಡುವು ಕೊಟ್ಟು, ನೆಲದಿಂದ ಏಳುವ ಮೊಳೆಗಳಿಗೆ ರಾಜಕುಮಾರನನ್ನು ಚುಚ್ಚಿಸುತ್ತಿತ್ತು. ಅದನ್ನು ಕಂಪ್ಯೂಟರ್ ಕ್ಲಾಸಿನ ಕೊನೆಯ ಹತ್ತು ನಿಮಿಷಗಳಲ್ಲಿ ಕದ್ದು ಆಡಿದವರಿಗೆ ಇದು ಸಪ್ಪೆ ಸಾರಿನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸಪ್ಪೆತನಕ್ಕೆ ಉತ್ತರವೆಂಬಂತೆ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯಲ್ಲಿ ಹಿಡೆಟಾಕಾ ಮಿಯಾಜಾಕಿ ನಿರ್ದೇಶಿಸಿದ ಡೀಮನ್ಸ್ ಸೋಲ್ಸ್ 2009ರಲ್ಲೂ, ಡಾರ್ಕ್ ಸೋಲ್ಸ್ 2011ರಲ್ಲೂ ಬಂದವು. ಇವುಗಳಲ್ಲಿ ಸುಲಭದ ಹಂತವೇ ಇಲ್ಲ. ಸತ್ತರೆ ಖರ್ಚಾಗದೆ ಕೈಯಲ್ಲಿದ್ದ ಗಳಿಕೆ ಸತ್ತ ಜಾಗದಲ್ಲೇ ಉಳಿಯುತ್ತದೆ; ಅಲ್ಲಿಯವರೆಗೆ ಮತ್ತೆ ಹೋಗಿ ಎತ್ತಿಕೊಳ್ಳಲು ಒಂದೇ ಅವಕಾಶ, ನಡುವೆ ಇನ್ನೊಮ್ಮೆ ಸತ್ತರೆ ಅದೂ ಹೋಯಿತು. ನಾಣ್ಯದ ಯಂತ್ರದ ಕಷ್ಟಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ನೀವು ಎಷ್ಟು ಸಲ ಸತ್ತರೂ ಯಾರ ಜೇಬಿಗೂ ಏನೂ ಸೇರುವುದಿಲ್ಲ. ಸೋತ ಪ್ರತಿ ಸಲವೂ ಎಲ್ಲಿ ತಪ್ಪಿದೆ ಎಂದು ಗೊತ್ತಾಗುವಂತೆ ಕಟ್ಟಿದ ಈ ಕಷ್ಟಕ್ಕೆ ನನ್ನ ಗೌರವವಿದೆ. ಸ್ವಿಚ್ ಈಗ ಕರ್ತೃವಿನ ಕೈಯಲ್ಲಿತ್ತು.

ಜಗಳ ಕಾವೇರಿದ್ದು 2019ರಲ್ಲಿ, ಅದೇ ಕಂಪನಿಯ ಸೆಕಿರೊ ಬಂದಾಗ. ಕೈಬೆರಳುಗಳು ಬೇಗ ಆಡದವರು, ಕಣ್ಣು ಮಂದವಾದವರು ತಮಗೂ ಒಂದು ದಾರಿ ಬೇಕೆಂದು ಕೇಳಿದರೆ, ಕಷ್ಟವೇ ಈ ಆಟದ ಜೀವ, ಅದನ್ನು ತೆಗೆದರೆ ಉಳಿಯುವುದೇನು ಎಂದು ಅಭಿಮಾನಿಗಳು ಮರುಪ್ರಶ್ನಿಸಿದರು. ಇದಕ್ಕೆ ಉತ್ತರ ಒಂದು ವರ್ಷ ಮೊದಲೇ ಸಣ್ಣ ಆಟವೊಂದರಲ್ಲಿ ಬಂದಿತ್ತು. ಬೆಟ್ಟ ಹತ್ತುವ ಹುಡುಗಿಯ ಕಥೆಯಿರುವ ಸೆಲೆಸ್ಟ್ ಸೆಕಿರೊಗೆ ಸಾಟಿಯಾಗುವಷ್ಟು ಕಠಿಣ. ಆದರೂ ಬೇಕೆಂದವರು ಆಟದ ವೇಗವನ್ನು ಅರ್ಧದವರೆಗೂ ಇಳಿಸಬಹುದು, ದಣಿವಿಲ್ಲದಂತೆ ಮಾಡಿಕೊಳ್ಳಬಹುದು, ಸಾವನ್ನೂ ತೆಗೆದುಹಾಕಬಹುದು. ಈ ಸೌಕರ್ಯದ ಮುನ್ನುಡಿಯಲ್ಲಿ ಮೊದಲಿಗೆ, ಕಷ್ಟವೇ ಈ ಆಟದ ಅನುಭವಕ್ಕೆ ಅಗತ್ಯ ಎಂಬ ಧಾಟಿಯ ಮಾತಿತ್ತು. ಅದು ಈ ಸೌಕರ್ಯ ಬಳಸುವವರನ್ನು ಲೆಕ್ಕದಿಂದ ಹೊರಗಿಡುತ್ತದೆ ಎಂಬ ಆಕ್ಷೇಪ ಬಂದ ಮೇಲೆ 2019ರಲ್ಲಿ ಆ ಮಾತುಗಳನ್ನು ತಿದ್ದಿದರು. ಇಡೀ ವಿವಾದದಲ್ಲಿ ನನಗೆ ಅತ್ಯಂತ ಮುಖ್ಯವೆನ್ನಿಸುವುದು ಈ ಸಣ್ಣ ತಿದ್ದುಪಡಿ.

ಇತ್ತ ನಮ್ಮ ಕಡೆಯ ಬಹುಪಾಲು ಆಟ ನಡೆಯುವುದು ಮೊಬೈಲಿನಲ್ಲಿ, ಅಲ್ಲಿ ನಾಣ್ಯದ ಪೆಟ್ಟಿಗೆ ಮರಳಿ ಬಂದಿದೆ. 2012ರ ಕ್ಯಾಂಡಿ ಕ್ರಶ್‌ನಲ್ಲಿ ಐದು ಲೈಫ್. ಮುಗಿದರೆ ಒಂದೊಂದಕ್ಕೂ ಅರ್ಧ ತಾಸು ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಸ್ವಿಚ್ ಈಗ ದೂರದ ಸರ್ವರಿನಲ್ಲಿದೆ. ಸಾಗರದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಒಂದೇ ಹಂತದಲ್ಲಿ ವಾರಗಟ್ಟಲೆ ಸಿಕ್ಕಿಕೊಂಡಿರುವುದನ್ನು ನೋಡಿದರೆ, ಅದು ಅವರ ಅಸಾಮರ್ಥ್ಯವೋ ಅಂಗಡಿಯವನ ಲೆಕ್ಕಾಚಾರವೋ ಹೇಳುವುದು ಕಷ್ಟ. ಹಲವರು ಒಟ್ಟಿಗೆ ಗುಂಡಿನ ಕಾಳಗ ನಡೆಸುವ ಬಿಜಿಎಂಐನಂಥ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟ ಹೊಸಬರನ್ನು ಉಳಿಸಿಕೊಳ್ಳಲು ಮೊದಲ ಪಂದ್ಯಗಳಲ್ಲಿ ಮನುಷ್ಯರ ನಡುವೆ ಬಾಟ್‌ಗಳನ್ನು, ಎಂದರೆ ಕಂಪ್ಯೂಟರೇ ಆಡಿಸುವ ಎದುರಾಳಿಗಳನ್ನು, ಬಿಟ್ಟು ಸುಲಭವಾಗಿ ಗೆಲ್ಲಿಸುತ್ತದೆ. ಇದು ಆಡುವವನಿಗೆ ಹೇಳದೆ ಲೆಕ್ಕದಿಂದ ಹೊರಗಿಡುವ ಬಗೆ. ಇನ್ನು ನೆಟ್‌ವರ್ಕಿಗಾಗಿ ಗುಡ್ಡದ ತಲೆಗೆ ಹೋಗಿ ಆಡುವ ಹುಡುಗರ ಕಷ್ಟವನ್ನು ಯಾವ ಕಂಪನಿಯೂ ವಿನ್ಯಾಸ ಮಾಡಿದ್ದಲ್ಲ.

2024ರಲ್ಲಿ ಎಲ್ಡನ್ ರಿಂಗ್‌ನ ಮುಂದುವರಿದ ಭಾಗ ವಿಪರೀತವಾಯಿತೆಂಬ ದೂರು ಎದ್ದಾಗ, ಮಣಿಯದವರೆಂದೇ ಹೆಸರಾದ ಫ್ರಮ್‌ಸಾಫ್ಟ್‌ವೇರ್‌ನವರು ಕೆಲವೇ ದಿನಗಳಲ್ಲಿ ಆಡುವವರ ಬಲವನ್ನು ತುಸು ಹೆಚ್ಚಿಸಿದರು. 2025ರ ಹೊಸ ಡೂಮ್‌ನಲ್ಲಿ ಶತ್ರುವಿನ ಹೊಡೆತದ ಪೆಟ್ಟು, ಆಟದ ವೇಗ, ಏಟು ತಡೆಯಲು ಸಿಗುವ ಕ್ಷಣ, ಇವನ್ನೆಲ್ಲ ಬೇರೆ ಬೇರೆಯಾಗಿ ಹೊಂದಿಸಿಕೊಳ್ಳಬಹುದು.

ಕಳೆದ ಮಳೆಗಾಲದಲ್ಲಿ ನಮ್ಮ ಜಗಲಿಯ ಚೌಕಾಬಾರದಲ್ಲಿ ಲೆಕ್ಕಕ್ಕಿಲ್ಲದವಳಾಗಿ ಕೂತಿದ್ದ ಅಕ್ಕನ ಮೊಮ್ಮಗಳು, ತನ್ನ ಕಾಯನ್ನು ಯಾರೂ ಹೊಡೆಯುತ್ತಿಲ್ಲ ಎಂಬುದನ್ನು ನಾಲ್ಕನೆಯ ದಿನ ಗಮನಿಸಿದಳು. "ನನ್ನದನ್ನೂ ಹೊಡೀರಿ" ಎಂದಳು. ಅಕ್ಕ ಕವಡೆ ಹಾಕಿ, ನಾಲ್ಕು ಬಿದ್ದದ್ದನ್ನು ನೋಡಿ, ಒಂದು ಕ್ಷಣ ತಡೆದು, ಹೊಡೆದಳು. ಮಗು ಮುಖ ಊದಿಸಿಕೊಂಡು ಒಳಗೆ ಹೋಯಿತು. ಕಾಫಿಯ ಹೊತ್ತಿಗೆ ಮತ್ತೆ ಬಂದು ಕಾಯನ್ನು ಮೊದಲ ಮನೆಯಲ್ಲಿಟ್ಟುಕೊಂಡು ಕೂತಿತು.